ನಿಮ್ಮೂರಲ್ಲೇ ಕಲಿಯಿರಿ

ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ, ಎಲ್ಲವನ್ನೂ ಕೇಳಿ ತಿಳಿದುಕೊಂಡು, ಕೊನೆಗೆ "ಆಯ್ತು, ಹೇಳ್ತೀನಿ" ಎಂದು ಇಟ್ಟುಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಗುವುದಿಲ್ಲ ಅನ್ನುವುದಾದರೆ ನೇರವಾಗಿ ಆಗುವುದಿಲ್ಲ ಅನ್ನಬೇಕು. ಕಳೆದ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಗುಬ್ಬಿಯ ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡವರ ಹಾಗೆ ನನಗೆ ಇದೊಂದನ್ನೇ ಹೇಳುತ್ತಿದ್ದರು.

ನಾನು ನೇತ್ರಾವತಿ. ತುಮಕೂರಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತೇನೆ. ಮೊದಲು ಶಿವಮೂರ್ತಿಯವರ ಸ್ಕೂಟರ್ ಶೋರೂಮಿನಲ್ಲಿ ಕೌಂಟರಿನ ಹಿಂದೆ ಕೂರುತ್ತಿದ್ದೆ. ಬಂದವರಿಗೆಲ್ಲ ನಗುಮುಖ ತೋರಿಸಬೇಕು, ಯಾವ ಬಣ್ಣ ಬೇಕು ಸಾರ್ ಎಂದು ಕೇಳಬೇಕು, ಗಾಡಿಗೆ ಹಾರ ಹಾಕಿಸಿ ಫೋಟೋ ತೆಗೆಸಬೇಕು. ನಗುವುದು ನನ್ನ ಜಾಯಮಾನವಲ್ಲ. ಆದರೆ ಅಲ್ಲಿ ಕೂತು ಒಂದು ವಿಷಯ ಗಮನಿಸಿದ್ದೆ. ಗಂಡಂದಿರು ಹೆಂಡತಿಗೆಂದೇ ಗಾಡಿ ಕೊಳ್ಳುತ್ತಿದ್ದರು, ಹೆಂಡತಿ ಹಿಂದೆ ಕೂತು ಮನೆಗೆ ಹೋಗುತ್ತಿದ್ದಳು, ಮೊದಲನೇ ಸರ್ವೀಸಿಗೆ ಬರುವಾಗಲೂ ಹಿಂದೆಯೇ ಕೂತಿರುತ್ತಿದ್ದಳು. ಕಲಿಸುವವರಿದ್ದರೆ ಇವರು ಕಲಿಯುವುದಿಲ್ಲವೇ ಎಂದು ಶಿವಮೂರ್ತಿಯವರನ್ನು ಕೇಳಿದೆ. ಅವರು ಎರಡು ಹಳೆಯ ಗಾಡಿ ಕೊಟ್ಟು, "ಮಾಡು, ನೋಡೋಣ ಕಣಮ್ಮ" ಎಂದರು.

ತುಮಕೂರಿನಲ್ಲಿ ಅದು ಚೆನ್ನಾಗಿಯೇ ಕುದುರಿತು. "ಬಸ್ಸು ಕಾದಿದ್ದು ಸಾಕಲ್ಲವೇ?" ಎಂದು ಕರಪತ್ರ ಹಂಚಿದ್ದೆ. ಟೀಚರುಗಳು, ಆಸ್ಪತ್ರೆಯ ನರ್ಸುಗಳು, ಗಾರ್ಮೆಂಟ್ಸಿಗೆ ಹೋಗುವವರು, ಎಲ್ಲರೂ ಬಸ್ಸು ಕಾದು ಕಾದು ರೋಸಿದವರೇ. ಅಷ್ಟರಲ್ಲಿ ಶಿವಮೂರ್ತಿ ಗುಬ್ಬಿಯಲ್ಲಿ ಒಂದು, ಕುಣಿಗಲ್‌ನಲ್ಲಿ ಒಂದು ಶಾಖೆ ತೆರೆದರು. ಇನ್ನೂ ಎರಡು ಗಾಡಿ ಕೊಟ್ಟು, ಅಲ್ಲೂ ಕಲಿಸು ಎಂದರು.

"ದೀಪಾವಳಿ ತನಕ ನೋಡ್ತೀನಿ. ಆ ಎರಡೂರಲ್ಲಿ ಜನ ಬರ್ಲಿಲ್ಲ ಅಂದ್ರೆ ಇದನ್ನೆಲ್ಲ ನಿಲ್ಸಿಬಿಡೋಣ. ಗಾಡಿ ತಂದು ಯಾರ್ಡಿಗೆ ಹಾಕಿ ನೀನು ಕೌಂಟರಿಗೆ ವಾಪಸ್ ಬಾ" ಎಂದರು. ಅವರ ದೃಷ್ಟಿಯಲ್ಲಿ ಅದು ದೊಡ್ಡ ಉಪಕಾರ. ನನಗೋ ಆ ಕುರ್ಚಿಯ ಹತ್ತಿರ ಮತ್ತೆ ಸುಳಿಯುವ ಮನಸ್ಸಿರಲಿಲ್ಲ.

ಗುಬ್ಬಿಗೆಂದು ಹೊಸ ಕರಪತ್ರ ಬರೆದೆ. "ನಿಮ್ಮೂರಲ್ಲೇ ಕಲಿಯಿರಿ. ನಿಮ್ಮದೇ ಮೈದಾನ, ನಿಮ್ಮದೇ ಜನ. ತುಮಕೂರಿಗೆ ಅಲೆಯುವುದು ಬೇಡ." ಈ ಸಾಲು ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಸಂತೆಯ ದಿನ ಆಟೋಗೆ ಮೈಕು ಕಟ್ಟಿಸಿ ಇದನ್ನೇ ಕೂಗಿಸಿದೆ. ಕುಣಿಗಲ್‌ನಲ್ಲೂ ಅದೇ ಸಾಲು, ಅದೇ ಮೈಕು.

ಫೋನು ಬಂತು. ಬರಲಿಲ್ಲ ಎನ್ನುವ ಹಾಗಿಲ್ಲ, ಊಟ ಮಾಡಲು ಬಿಡದಷ್ಟು ಬಂತು.

"ಸೈಕಲ್ ಬರ್ದೆ ಇರೋರೂ ಕಲೀಬೋದಾ ಮೇಡಂ?"

"ಕಲೀಬೋದು. ನಾನು ಹಿಂದೆ ಹಿಡ್ಕೊಂಡೇ ಇರ್ತೀನಿ."

"ಎಲ್ಲಿ ಕಲಿಸೋದು?"

"ನಿಮ್ಮೂರಲ್ಲೇ, ಸ್ಕೂಲ್ ಮೈದಾನದಲ್ಲಿ."

ಅಲ್ಲಿಗೆ ಆ ಕಡೆಯ ಉತ್ಸಾಹ ಇಳಿಯುತ್ತಿತ್ತು. ಆಮೇಲೆ "ಆಯ್ತು, ಹೇಳ್ತೀನಿ." ನಾನು ಬೆಳಿಗ್ಗೆ ಎರಡು ಗಾಡಿ ಸಮೇತ ಗುಬ್ಬಿಯ ಮೈದಾನದಲ್ಲಿ ನಿಂತಿರುತ್ತಿದ್ದೆ. ಕಾಂಪೌಂಡಿನ ಮೇಲೆ ಕೂತವರು, ಟೀ ಅಂಗಡಿಯ ಬೆಂಚಿನವರು, ವಾಕಿಂಗಿಗೆ ಬಂದ ರಿಟೈರ್ಡ್ ಮೇಷ್ಟ್ರುಗಳು ನನ್ನನ್ನೇ ನೋಡುತ್ತಿದ್ದರು. ಕಲಿಯುವವಳು ಒಬ್ಬಳೂ ಇಲ್ಲ.

ಕೋಪಕ್ಕಿಂತ ಹೆಚ್ಚಾಗಿ ನನಗೆ ಕುತೂಹಲ ಹುಟ್ಟಿತು. ಆಸೆ ಇಲ್ಲದವರು ಫೋನು ಮಾಡುವುದಿಲ್ಲ. ಆಸೆ ಇದ್ದೂ ಬರುತ್ತಿಲ್ಲ ಎಂದರೆ ಯಾರೋ ಹಿಡಿದಿಟ್ಟುಕೊಂಡಿರಬೇಕು. ಯಾರು? ಗಂಡಂದಿರೇ ಎಂದುಕೊಂಡೆ. ಅವರಿಗೆಂದೇ ಇನ್ನೊಂದು ಕರಪತ್ರ ಮಾಡಿಸಿದೆ. "ಹೆಂಡತಿ ಕಲಿತರೆ ಮಕ್ಕಳನ್ನು ಶಾಲೆಗೆ ಬಿಡುವ ಗಡಿಬಿಡಿ ನಿಮಗಿಲ್ಲ." ಅದನ್ನು ಹೇರ್ ಕಟಿಂಗ್ ಅಂಗಡಿಗಳಲ್ಲಿ ಇಟ್ಟು ಬಂದೆ. ಈಗ ಗಂಡಸರೂ ಫೋನು ಮಾಡಿದರು, ಒಳ್ಳೆಯ ಕೆಲಸ ಮೇಡಂ ಎಂದು ಹೊಗಳಿದರು. ಮೈದಾನ ಮಾತ್ರ ಹಾಗೇ ಖಾಲಿ.

ಫೋನು ಮಾಡಿದವರಲ್ಲಿ ಭಾನುಪ್ರಿಯಾ ಎಂಬ ಹುಡುಗಿ ಬಿಟ್ಟೂಬಿಡದೆ ಕೇಳಿದ್ದಳು. ವಿಳಾಸವನ್ನೂ ಕೊಟ್ಟಿದ್ದಳು. ಒಂದು ದಿನ ನೆಟ್ಟಗೆ ಅವಳ ಮನೆಗೇ ಹೋದೆ. ಅವಳಿಗೆ ಮೂವತ್ತರ ಒಳಗೆ, ಎತ್ತರದ ಆಳು, ಚೂಡಿದಾರ್ ಹಾಕಿಕೊಂಡಿದ್ದಳು. ನನ್ನನ್ನು ನೋಡಿ ಮುಖ ಕೆಂಪಾಗಿಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು. ಅತ್ತೆ ಪುಟ್ಟಗಂಗಮ್ಮ ನನ್ನೆದುರು ಚಾಪೆ ಎಳೆದುಕೊಂಡು ಕೂತರು. ಕುಳ್ಳಗೆ, ಗಟ್ಟಿಯಾಗಿದ್ದ ಹೆಂಗಸು.

"ಬ್ರೇಕು ಎರಡೂ ಕೈಲಿ ಇರ್ತದಾ? ಎರಡೂ ಒಟ್ಟಿಗೆ ಹಿಡುದ್ರೆ ಏನಾಗ್ತದೆ?" ಎಂದರು.

ಹೇಳಿದೆ.

"ಬಿದ್ರೆ ಗಾಡಿ ಮೈಮ್ಯಾಲೇ ಬೀಳ್ತದಾ, ಪಕ್ಕಕ್ಕೆ ಬೀಳ್ತದಾ?"

ಅದನ್ನೂ ಹೇಳಿದೆ.

"ಸೀರೆ ಉಟ್ಕಂಡು ಓಡಿಸ್ಬೋದಾ? ಸೆರಗು ಚಕ್ರಕ್ಕೆ ಸಿಕ್ಕಾಕಳಲ್ವಾ? ನಿಲ್ಲುಸ್ದಾಗ ಕಾಲು ನೆಲಕ್ಕೆ ಎಟುಕ್ತದಾ?"

ಪೊಲೀಸ್ ಠಾಣೆಯಲ್ಲೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಸೊಸೆ ಬಾಗಿಲ ಮರೆಯಲ್ಲಿ ನಿಂತು ಉಗುರು ಕಡಿಯುತ್ತಿದ್ದಳು. ಅಡ್ಡಗಾಲು ಹಾಕುತ್ತಿರುವವರು ಇವರೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಮನೆಗೆ ಬಂದು ಅತ್ತೆಯರಿಗೆಂದು ಮತ್ತೊಂದು ಕರಪತ್ರ ಬರೆದೆ. "ಸೊಸೆ ಕಲಿತರೆ ಅತ್ತೆಗೇ ಅನುಕೂಲ. ದೇವಸ್ಥಾನ, ಆಸ್ಪತ್ರೆ, ನೆಂಟರ ಮನೆ, ಎಲ್ಲ ಹತ್ತಿರ." ಅದರಲ್ಲೊಂದನ್ನು ಪುಟ್ಟಗಂಗಮ್ಮನವರ ಮನೆಗೂ ಬೇಕೆಂದೇ ತಲುಪಿಸಿದೆ.

ಅದಾದ ಮೇಲೆ ಭಾನುಪ್ರಿಯಾ ಮತ್ತೆ ಫೋನು ಮಾಡಿದಳು. ಈ ಸಲ ಪಿಸುದನಿ.

"ಅಕ್ಕ, ಕುಣಿಗಲ್‌ನಲ್ಲೂ ಕಲಿಸ್ತೀರಂತಲ್ಲ. ನಾನು ಅಲ್ಲಿಗೆ ಬರ್ಲಾ?"

ನನ್ನ ತಾಳ್ಮೆ ಕೆಟ್ಟಿತು. "ಏನಮ್ಮ ನೀನು? ಮನೆ ಪಕ್ಕದ ಮೈದಾನ ಬಿಟ್ಟು ಅಷ್ಟು ದೂರ ಹೋಗ್ತೀಯಾ? ನಿಮ್ಮ ಅತ್ತೆ ಬೇಡ ಅಂದ್ರು ತಾನೆ?"

"ಅತ್ತೇನಾ? ಅವ್ರೇನೂ ಅನ್ನಲಿಲ್ಲಪ್ಪ."

"ಮತ್ತೆ ನಿಮ್ಮ ಯಜಮಾನ್ರು?"

"ಅವ್ರು ಕಲ್ತ್ಕೋ ಕಲ್ತ್ಕೋ ಅಂತ ಪ್ರಾಣ ತಿಂತವ್ರೆ."

"ಹಂಗಾದ್ರೆ ನಿನ್ನ ಹಿಡ್ಕೊಂಡಿರೋರು ಯಾರು?"

ಅವಳು ದನಿ ಇನ್ನೂ ತಗ್ಗಿಸಿ ಹೇಳಿದಳು. "ನಮ್ಮೂರಲ್ಲಿ ಮರಿಯಮ್ಮ ಅಂತ ಒಬ್ರವ್ರೆ ಅಕ್ಕ. ನಾನು ಮದ್ವೆಯಾಗಿ ಬರೋಕೆ ಎಷ್ಟೋ ಮುಂಚೆ ಲೂನಾ ಕಲಿಯಕ್ಕೋಗಿ ಮೋರಿಗೆ ಬಿದ್ರಂತೆ. ಇವತ್ತಿಗೂ ಅವ್ರು ಮೋರಿ ಮರಿಯಮ್ಮ. ಅವ್ರ ಮಗ ಮೋರಿ ಮರಿಯಮ್ಮನ ಮಗ. ಮೊನ್ನೆ ಬಂದ ಸೊಸೆ ಮೋರಿ ಮರಿಯಮ್ಮನ ಸೊಸೆ. ಆ ಮೈದಾನದ ಸುತ್ತ ಕೂತಿರೋರೆಲ್ಲ ನಮ್ಮೋರೇ. ಗಾಯ ವಾಸಿಯಾಗ್ತದೆ, ಇಟ್ಟ ಹೆಸರು ವಾಸಿಯಾಗಲ್ಲ ಅಕ್ಕ."

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು, ನಾನೂ ನೂರು ಸಲ ಹೇಳಿದ್ದೇನೆ. ಹೇಳಿಯೂ ನನಗದು ಹೊಳೆದಿರಲಿಲ್ಲ. ನಿಮ್ಮದೇ ಮೈದಾನ, ನಿಮ್ಮದೇ ಜನ ಎಂದು ನಾನು ಮೈಕು ಕಟ್ಟಿ ಊರೆಲ್ಲ ಕೂಗಿಸಿದ್ದೆ. ಯಾವುದಕ್ಕೆ ಅವರು ಹೆದರುತ್ತಿದ್ದರೋ ಅದನ್ನೇ ದೊಡ್ಡ ಸೌಲಭ್ಯವೆಂದು ಸಾರಿದ್ದೆ. ನನ್ನ ಬುದ್ಧಿಗೆ ನಾನೇ ಛೀ ಎಂದುಕೊಂಡೆ.

"ತುಮಕೂರಿಗೆ ಬರ್ಬೋದಲ್ಲ? ಹತ್ರ" ಎಂದೆ.

"ಬೆಳಗಾದ್ರೆ ಅರ್ಧ ಗುಬ್ಬಿ ತುಮಕೂರಲ್ಲೇ ಇರ್ತದೆ. ಕೋರ್ಟು, ಕಾಲೇಜು, ಬಟ್ಟೆ ಅಂಗಡಿ, ಎಲ್ಲಿ ನೋಡಿದ್ರೂ ನಮ್ಮೋರೇ. ಕುಣಿಗಲ್‌ನಲ್ಲಿ ನಮಗೆ ಯಾರೂ ಇಲ್ಲ. ಬಸ್ಸು ಹೆಂಗೂ ಫ್ರೀ."

ನಾನು ಫೋನಿಟ್ಟವಳೇ ಕುಣಿಗಲ್‌ನಿಂದ ಕರೆ ಮಾಡಿ "ಹೇಳ್ತೀನಿ" ಎಂದಿದ್ದ ಶಾಂತಲಾ ಟೀಚರಿಗೆ ಫೋನು ಹಚ್ಚಿದೆ. ಪರೀಕ್ಷೆ ಮಾಡಿ ನೋಡುವ ಚಪಲ. "ಗುಬ್ಬಿಗೆ ಬಂದ್ರೆ ಕಲಿಸ್ತೀನಿ, ಬರ್ತೀರಾ?" ಎಂದೆ. "ಗುಬ್ಬೀಲಿ ನಮ್ಮ ಸ್ಟೂಡೆಂಟ್ಸೂ ಇಲ್ಲ, ಪೇರೆಂಟ್ಸೂ ಇಲ್ಲ. ಯಾವತ್ತಿಂದ ಬರ್ಲಿ?" ಎಂದರು.

ಆಮೇಲೆ ಕರಪತ್ರದ ಗೋಜಿಗೇ ಹೋಗಲಿಲ್ಲ. ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದೆ. ಗುಬ್ಬಿಯವರು ಕುಣಿಗಲ್‌ಗೆ, ಕುಣಿಗಲ್‌ನವರು ಗುಬ್ಬಿಗೆ. ಫೋಟೋ ಇಲ್ಲ, ಸ್ಟೇಟಸ್ ಇಲ್ಲ, ಯಾರ ಹೆಸರೂ ಹೊರಗೆ ಬರುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಬಂದರು. ಮನೆಯವರ ಬಾಯಿಂದಲೂ ಸುದ್ದಿ ಬೀದಿಗೆ ಬೀಳಬಾರದೆಂದು, ಗುಬ್ಬಿಯವರು ಕುಣಿಗಲ್ ಕಡೆಯ ಎಡೆಯೂರು ದೇವಸ್ಥಾನದ ಹರಕೆ ಎಂದು ಹೇಳಿ ಬಂದರು, ಕುಣಿಗಲ್‌ನವರು ಗುಬ್ಬಿಯಪ್ಪನ ದರ್ಶನವೆಂದು ಹೇಳಿ ಬಂದರು. ಆ ಹೆಂಗಸರಿಗೆ ಒಮ್ಮೆಲೇ ಇಷ್ಟು ಭಕ್ತಿ ಹೇಗೆ ಬಂತೆಂದು ಎರಡೂರಿನ ಗಂಡಂದಿರೂ ಆಶ್ಚರ್ಯಪಟ್ಟಿರಬೇಕು.

ಕುಣಿಗಲ್‌ನಲ್ಲಿ ನಾನು ಕಲಿಸುತ್ತಿದ್ದುದು ಹುತ್ರಿದುರ್ಗದ ಕಡೆ ಹೋಗುವ ರಸ್ತೆಯ ಒಂದು ಲೇಔಟಿನಲ್ಲಿ. ಸೈಟುಗಳಾಗಿದ್ದವು, ಮನೆಗಳಾಗಿರಲಿಲ್ಲ. ನೋಡುವವರೆಂದರೆ ಎಮ್ಮೆಗಳು. ಊರಿನಲ್ಲಿ ತಲೆ ತಗ್ಗಿಸಿ ನಡೆಯುವವರು ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬಳಂತೂ ಬ್ರೇಕಿನ ಬದಲು ಆಕ್ಸಿಲರೇಟರು ತಿರುವಿ ಹುಣಸೆ ಮರಕ್ಕೆ ಗುದ್ದಿ, ಕೂತಲ್ಲೇ ಹಾಡು ಹೇಳಿದಳು.

ಒಂದು ದಿನ ಸಿ.ಎಸ್. ಪುರದಿಂದ ಗಂಗಮ್ಮ ಎಂದು ಯಾರೋ ಫೋನು ಮಾಡಿ, ಜನ ಕಡಿಮೆ ಇರುವ ದಿನ ಬರಬೇಕು ಎಂದರು. ಗುರುವಾರ ಕುಣಿಗಲ್‌ಗೆ ಬನ್ನಿ ಎಂದೆ. ಗುರುವಾರ ಬಸ್ಸಿಳಿದು ಬಂದವರನ್ನು ನೋಡಿ ನನ್ನ ಕೈಲಿದ್ದ ಹೆಲ್ಮೆಟ್ಟು ಜಾರಿತು. ಪುಟ್ಟಗಂಗಮ್ಮ.

"ಗುರ್ತು ಸಿಗ್ತಾ? ಸಿ.ಎಸ್. ಪುರ ನಮ್ಮ ತವರು. ಅಲ್ಲಿಗೋಗ್ತೀನಿ ಅಂತ ಹೇಳಿ ಇಲ್ಲಿಗೆ ಬಂದಿದೀನಿ. ನಮ್ಮ ಸೊಸೆಗೆ ಗೊತ್ತಾಗ್ಬಾರ್ದು ಕಣವ್ವ" ಎಂದರು.

"ನೀವಾ ಕಲಿಯೋದು?" ಎಂದೆ.

"ಮತ್ತಿನ್ನೇನು ನಿನ್ನ ಅಷ್ಟೊಂದು ಕೇಳಿದ್ದು ಸುಮ್ನೇನಾ? ತವರಿಗೆ ಬಿಡು ಅಂದ್ರೆ ನನ್ನ ಮಗ ಬಿಡ್ತಾನೆ, ಇಲ್ಲ ಅನ್ನಲ್ಲ. ಬಿಟ್ಟು ಬಾಗಿಲಲ್ಲೇ ನಿಂತ್ಕಂಡು ಗಡಿಯಾರ ನೋಡ್ತಾನೆ. ಯಾರನ್ನೂ ಕೇಳ್ದೆ ನಾನೇ ಹೋಗ್ಬೇಕು, ಹೊತ್ತು ಮುಳುಗೋವರ್ಗೂ ಕೂತಿದ್ದು ಬರ್ಬೇಕು. ಅಷ್ಟೇ ಆಸೆ."

ನನಗೆ ನಾಚಿಕೆಯಾಯಿತು. ಅತ್ತೆಯರಿಗೆಂದೇ ಒಂದು ಕರಪತ್ರ ಬರೆದವಳು ನಾನು. ಸೊಸೆಯನ್ನು ಕಳಿಸಿ ಎಂದು ಅವರನ್ನು ಬೇಡಿಕೊಂಡಿದ್ದೆನೇ ಹೊರತು, ನೀವೂ ಕಲಿಯುತ್ತೀರಾ ಎಂದು ಒಂದು ಮಾತು ಕೇಳಿರಲಿಲ್ಲ. ಸೊಸೆಗೆ ಸೋಮವಾರ, ಅತ್ತೆಗೆ ಗುರುವಾರ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ.

ದೀಪಾವಳಿ ಹತ್ತಿರ ಬಂತು. ಶಿವಮೂರ್ತಿ ಫೋನು ಮಾಡಿದರು.

"ಗುಬ್ಬಿ ಬ್ಯಾಚು ಫುಲ್ಲು ಅಂತೀಯ. ನಮ್ಮ ಗುಬ್ಬಿ ಬ್ರಾಂಚಿನೋರು ಹೇಳ್ತಾವ್ರೆ, ಮೈದಾನದಲ್ಲಿರೋ ಒಬ್ರೂ ಗುಬ್ಬಿಯೋರಲ್ವಂತೆ. ಏನ್ ಆಟ ಆಡ್ತಿದೀಯ?"

ನಡೆದದ್ದನ್ನು ಹೇಳಿದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. "ಊರ್ಗೇ ಗೊತ್ತಾಗ್ದಂಗೆ ಕಲಿಸಿದ್ರೆ ನನ್ನ ಗಾಡಿ ಯಾರು ತಗೋತಾರೆ? ಸೋಮವಾರ ನಾನೇ ಕುಣಿಗಲ್‌ಗೆ ಬರ್ತೀನಿ. ಎಲ್ರ ಫೋಟೋ ತೆಗೆದು ಗುಬ್ಬಿ ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಹಾಕಿಸ್ತೀನಿ."

"ಫೋಟೋ ತೆಗೆಯಲ್ಲ ಅಂತ ಮಾತು ಕೊಟ್ಟಿದೀನಿ ಸಾರ್."

"ಹಂಗಾದ್ರೆ ಸೋಮವಾರ ಕೀ ಕೊಟ್ಬಿಡು."

ಅವರನ್ನು ಬೈದುಕೊಂಡೆ. ಆದರೆ ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಅಂಗಡಿಯವನಿಗೆ ಅಂಗಡಿಯವನ ಕಷ್ಟ.

ಸೋಮವಾರ ಗುಬ್ಬಿಯವರೆಲ್ಲ ಬಂದಿದ್ದರು. ಭಾನುಪ್ರಿಯಾ ಗಾಡಿಯ ಮೇಲೆ ಒಂದು ಸುತ್ತು ಮುಗಿಸಿ ನಿಲ್ಲಿಸುತ್ತಿದ್ದಳು. ಆಗ ಲೇಔಟಿನ ತಿರುವಿನಲ್ಲಿ ಪುಟ್ಟಗಂಗಮ್ಮ ಬ್ಯಾಗು ಹಿಡಿದು ಬರುತ್ತಿರುವುದು ಕಂಡಿತು. ಗುರುವಾರ ಮನೆಗೆ ನೆಂಟರು ಬರುತ್ತಾರೆಂದು ದಿನ ಬದಲಾಯಿಸಿಕೊಂಡಿದ್ದರು, ನನಗೆ ಹೇಳಿರಲಿಲ್ಲ. ಅತ್ತೆ ಸೊಸೆ ಎದುರುಬದುರಾದರು.

"ಎಡೆಯೂರು ಅಂದೆ" ಎಂದರು ಅತ್ತೆ.

"ನೀವು ತವರು ಅಂದ್ರಿ" ಎಂದಳು ಸೊಸೆ.

ಇನ್ನೇನು ಗ್ರಹಚಾರ ಕಾದಿದೆಯೋ ಎಂದು ನಾನು ನೋಡುತ್ತಿದ್ದೆ. ಭಾನುಪ್ರಿಯಾ ತನ್ನ ಹೆಲ್ಮೆಟ್ ತೆಗೆದು ಅತ್ತೆಯ ಕೈಗೆ ಕೊಟ್ಟಳು. "ಬೆಲ್ಟ್ ಬಿಗಿಯಾಗಿ ಹಾಕ್ಕಳಿ ಅತ್ತೆ, ಸಡಿಲ ಇದ್ರೆ ಹಣೆ ಮೇಲೆ ಬರ್ತದೆ" ಎಂದಳು. ಪುಟ್ಟಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಶಿವಮೂರ್ತಿಯವರ ಕಾರು ಬಂದು ನಿಂತಿತು. ಅವರು ಫೋನು ಹಿಡಿದು ಇಳಿದದ್ದೇ ತಡ, ಹೆಂಗಸರೆಲ್ಲ ಹುಣಸೆ ಮರದ ಹಿಂದೆ ಸೇರಿದರು, ಕೆಲವರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು.

"ಯಾರೂ ಬರಲ್ಲ ಸಾರ್" ಎಂದೆ. ಮೂರು ಕೀ ತೆಗೆದು ಅವರ ಕೈಗಿಟ್ಟೆ. ನಾಲ್ಕನೆಯದು ಪುಟ್ಟಗಂಗಮ್ಮನವರು ಕೂತಿದ್ದ ಗಾಡಿಯಲ್ಲಿತ್ತು, ಎಂಜಿನ್ ಓಡುತ್ತಿತ್ತು. ಕೀ ಕೊಟ್ಟ ಮೇಲೆ ನನಗೆ ಅಳು ಬಂತು. ಅತ್ತ ತಿರುಗಿ ನಿಂತುಕೊಂಡೆ.

"ಏನಪ್ಪ, ಗುಬ್ಬಿಯೋರ ಫೋಟೋ ತಾನೆ ಬೇಕು?" ಪುಟ್ಟಗಂಗಮ್ಮನ ದನಿ. "ನಾನು ಗುಬ್ಬಿಯೋಳೇ. ನಂದು ತೆಗಿ."

"ಅತ್ತೆ, ಬೇಡ. ಊರವ್ರು ಏನೇನೋ ಹೆಸರಿಡ್ತಾರೆ" ಎಂದಳು ಭಾನುಪ್ರಿಯಾ.

"ಇಟ್ಕಳ್ಳಿ ಬುಡು. ಐವತ್ತೈದಾಯ್ತು, ಇನ್ನೆಷ್ಟು ದಿನ ಕರೀತಾರೆ? ನೀವು ಸಣ್ಣೋರು, ನಿಮಗೆ ಬ್ಯಾಡ."

ಶಿವಮೂರ್ತಿ ಫೋನು ಎತ್ತಿದರು. ನಿಂತೇ ಇರಿ ಅಮ್ಮ ಎಂದರು. ನಿಂತಿರೋ ಗಾಡಿ ಫೋಟೋ ಯಾರಿಗ್ ಬೇಕು ಎಂದು ಪುಟ್ಟಗಂಗಮ್ಮ ಹೊರಟೇಬಿಟ್ಟರು. ನಾನು ಹಿಡಿದುಕೊಳ್ಳಲು ಓಡಿದೆ, ಭಾನುಪ್ರಿಯಾ ನನಗಿಂತ ಮುಂದೆ ಓಡಿದಳು. "ಬ್ರೇಕು ಅತ್ತೆ, ಎಡಗೈ, ಎಡಗೈ" ಎನ್ನುತ್ತಿದ್ದಳು. ತಿರುವಿನ ತನಕ ನೆಟ್ಟಗೆ ಹೋದರು. ತಿರುವಿನಲ್ಲಿ ಗಾಡಿ ವಾಲಿತು. ಅವರು ಒಂದು ಕಡೆ, ಗಾಡಿ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ ಬಿದ್ದವು.

ನಾವು ಹತ್ತಿರ ಹೋಗುವಷ್ಟರಲ್ಲಿ ಅವರು ಕೆಂಪು ಮಣ್ಣಿನಲ್ಲಿ ಕೂತು, ಹೆಲ್ಮೆಟ್ ಒಂದು ಕಡೆ ವಾಲಿಸಿಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದರು. ಮೊಣಕೈ ತರಚಿತ್ತು.

"ಬಂತಾ ಫೋಟೋ?" ಎಂದು ಕೇಳಿದರು.

ಶಿವಮೂರ್ತಿ ಪೆಚ್ಚಾಗಿ ಫೋನು ತೋರಿಸಿದರು. ಬಿದ್ದು ಕೂತು ನಗುತ್ತಿರುವುದೇ ಬಂದಿತ್ತು. "ಇದು ಬೇಡಮ್ಮ, ಇನ್ನೊಂದು ತೆಗೆಯೋಣ. ಬಿದ್ದಿರೋದು ಹಾಕಿದ್ರೆ ಗಾಡಿ ತಗೊಳ್ಳಕ್ಕೆ ಹೆದರ್ತಾರೆ."

"ಇದೇ ಹಾಕು. ಚೆನ್ನಾಗಿ ಓಡ್ಸೋಳನ್ನ ನೋಡಿದ್ರೆ ಅವ್ಳಿಗೆ ಬರ್ತದ್ಬುಡು ಅಂತಾರೆ. ಇದನ್ನ ನೋಡಿದ್ರೆ, ಓ, ಬಿದ್ರೆ ಇಷ್ಟೇಯಾ ಅಂತಾರೆ."

ಶಿವಮೂರ್ತಿ ನನ್ನ ಮುಖ ನೋಡಿದರು. "ಹಾಕಿ ಸಾರ್. ಇದ್ರಿಂದ ಜನ ಬರ್ಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ನಾನೇ ಬಂದು ಕೌಂಟರಲ್ಲಿ ಕೂತ್ಕೋತೀನಿ. ನಗ್ತಾನೇ ಕೂತ್ಕೋತೀನಿ" ಎಂದೆ. ಕೀ ಮೂರನ್ನೂ ಅವರು ಮತ್ತೆ ನನ್ನ ಕೈಗೆ ಹಾಕಿದರು.

ಫ್ಲೆಕ್ಸು ಹಬ್ಬದ ಹಿಂದಿನ ವಾರ ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ನಿಂತಿತು. ಮಣ್ಣಿನಲ್ಲಿ ಕೂತ ಪುಟ್ಟಗಂಗಮ್ಮ, ಆಳೆತ್ತರ, ಬಾಯ್ತುಂಬ ನಗು. ಕೆಳಗೆ ಸ್ಕೂಟರ್ ಕಲಿಕೆ ಎಂಬೆರಡು ಪದ, ನನ್ನ ಫೋನ್ ನಂಬರು, ಇನ್ನೇನೂ ಬರೆಸಲಿಲ್ಲ. ಮೊದಲ ದಿನ ಫೋನು ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಶಿವಮೂರ್ತಿ ಮಾತ್ರ ಕುರ್ಚಿ ಒರೆಸಿಟ್ಟಿದೀನಿ ಎಂದು ಮೆಸೇಜು ಹಾಕಿ ಒಂದು ನಗುವ ಗೊಂಬೆ ಕಳಿಸಿದರು. ಅದನ್ನು ನೋಡಿ ಫೋನನ್ನೇ ಎಸೆಯಬೇಕೆನಿಸಿತು.

ಮೂರನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಸುತ್ತ ಬಸ್ಸುಗಳ ಗಲಾಟೆ. ಫ್ಲೆಕ್ಸಿನ ಮುಂದೆಯೇ ನಿಂತು ಮಾಡುತ್ತಿದ್ದಳೆಂದು ಕಾಣುತ್ತದೆ.

"ಸ್ಕೂಟರ್ ಕಲಿಸೋದು ನೀವೇನಾ ಅಕ್ಕ? ಎಲ್ಲಿ ಕಲಿಸ್ತೀರಾ?"

ಈಗ ನಾನು ಬುದ್ಧಿವಂತೆ. "ಕುಣಿಗಲ್‌ನಲ್ಲಿ. ಊರಾಚೆ, ಯಾರೂ ಇರಲ್ಲ, ಯಾರಿಗೂ ಗೊತ್ತಾಗಲ್ಲ" ಎಂದೆ.

"ಅಲ್ಲೀಗಂಟ ಯಾರು ಹೋಗ್ತಾರೆ ಅಕ್ಕ. ನಮ್ಮೂರ ಮೈದಾನ ಏನಾಗಿದೆ?"

"ಬಿದ್ರೆ ಎಲ್ರೂ ನೋಡ್ತಾರಲ್ಲಮ್ಮ."

"ನೋಡ್ಲಿ ಬುಡಿ. ನಾವು ಬೀದಿಯೋರು ಏಳು ಜನ ಇದೀವಿ. ಈ ಫೋಟೋದಲ್ಲಿರೋ ಅಮ್ಮನ್ನೂ ಬರಕ್ಕೇಳಿ. ನಮ್ಮ ಮರಿಯಮ್ಮೋರೂ ಅವ್ರ ಜೊತೇಲಿ ಮತ್ತೆ ಕಲೀತಾರಂತೆ."